ಅಗ್ಗದ ವಿದ್ಯುತ್ ಸಲಕರಣೆಗಳನ್ನು ಆರಿಸುವ ಬಗೆ

‘ಕಾಸಿಗೆ ತಕ್ಕ ಕಜ್ಜಾಯ’ ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಮಾತು. ಕೊಟ್ಟ ಹಣಕ್ಕೆ ಅನುಗುಣವಾಗಿಯೇ ವಸ್ತುವಿನ ಯೋಗ್ಯತೆ ಇರುವುದೆಂಬ ಅರ್ಥದಲ್ಲಿ ಇದು ಬಹುಮಟ್ಟಿಗೆ ನಿಜ. ಆದರೆ ಒಂದೇ ಕಾಸಿಗೆ ಒಬ್ಬನಿಗೆ ಒಳ್ಳೆಯ ಕಜ್ಜಾಯವೂ ಇನ್ನೊಬ್ಬನಿಗೆ ಹಳಸಿದ ಕಜ್ಜಾಯವೂ ದೊರೆಯುವುದುಂಟು. ಈ ಅಂತರಕ್ಕೆ ಕಾರಣ ಕೊಳ್ಳುವವನ ತಿಳಿವಳಿಕೆ. ಯಂತ್ರೋಪಕರಣಗಳ ವಿಷಯದಲ್ಲಂತೂ ಈ ತಿಳಿವಳಿಕೆಯ ಬೆಲೆ ಹೆಚ್ಚು. ತಪ್ಪಾಗಿ ಆರಿಸಿದ ಸಲಕರಣೆಯು ಹಣವನ್ನು ಮಾತ್ರವೇ ಅಲ್ಲ, ಒಮ್ಮೊಮ್ಮೆ ಕಣ್ಣನ್ನೂ ಬೆರಳನ್ನೂ ಕಳೆಯಬಲ್ಲದು.

ರೈಲುಬಂಡಿ, ಹಡಗು, ವಿಮಾನ, ಸೇತುವೆ ಮೊದಲಾದವುಗಳ ಮಾದರಿಗಳನ್ನು ಮಾಡುವ ಹವ್ಯಾಸವು ವಿದ್ಯಾರ್ಥಿಗಳಿಗೆ ವಿಜ್ಞಾನದ ಒಂದು ಪ್ರಯೋಗಶಾಲೆಯೇ ಸರಿ. ಮೊದಲಿಗೆ ಚಾಕು, ಅರ, ಸಣ್ಣ ಗರಗಸ, ಉಪ್ಪುಕಾಗದ ಇಷ್ಟರಿಂದಲೇ ಕೆಲಸ ಸಾಗುತ್ತದೆ. ಕ್ರಮೇಣ ಹಿತ್ತಾಳೆಯ ತಗಡಿನಲ್ಲಿ ನೂರು ಸಣ್ಣ ರಂಧ್ರಗಳನ್ನು ಕೊರೆಯಬೇಕಾಗಿ ಬಂದಾಗ ಕೈ ಸೋಲುತ್ತದೆ. ವಿದ್ಯುತ್ತಿನಿಂದ ತಿರುಗುವ ಸಲಕರಣೆಯೊಂದು ಬೇಕೆನಿಸುತ್ತದೆ. ಅಂಗಡಿಗೆ ಹೋದರೆ ನೋಟದಲ್ಲಿ ಒಂದನ್ನೊಂದು ಹೋಲುವ ಹತ್ತಾರು ಯಂತ್ರಗಳು ಸಾಲಾಗಿ ಕುಳಿತಿರುತ್ತವೆ. ಒಂದರ ಮೇಲೆ ‘೧೩೦ ವಾಟ್’ ಎಂದೂ ಇನ್ನೊಂದರ ಮೇಲೆ ‘ನಿಮಿಷಕ್ಕೆ ೩೦,೦೦೦ ಸುತ್ತು’ ಎಂದೂ ಮತ್ತೊಂದರ ಮೇಲೆ ‘೧೨ ವೋಲ್ಟ್’ ಎಂದೂ ದಪ್ಪ ಅಕ್ಷರಗಳಲ್ಲಿ ಬರೆದಿರುವುದು. ದೊಡ್ಡ ಸಂಖ್ಯೆಯುಳ್ಳದ್ದೇ ಉತ್ತಮವೆಂದು ಹಲವರು ಬಗೆಯುವರು. ಅದು ಸರಿಯಲ್ಲ. ಈ ಸಂಖ್ಯೆಗಳ ಅರ್ಥವನ್ನು ಬಿಡಿಸಲು ಪ್ರೌಢಶಾಲೆ, ಕಾಲೇಜುಗಳಲ್ಲಿ ಕಲಿಸುವ ಭೌತಶಾಸ್ತ್ರವೇ ಸಾಕು. ಅದನ್ನು ಉಪಯೋಗಿಸಿ, ಕಡಿಮೆ ಬೆಲೆಯ ಯಂತ್ರದಿಂದ ಯಾವ ಕೆಲಸವನ್ನು ನಿರೀಕ್ಷಿಸಬಹುದು, ಯಾವುದನ್ನು ನಿರೀಕ್ಷಿಸಬಾರದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಸ್ವಲ್ಪ ಚರಿತ್ರೆ

ನಮ್ಮ ಬಡಗಿಗಳು ಬಹುಕಾಲದಿಂದ ಬೈರಿಗೆಯನ್ನು ಬಳಸುತ್ತ ಬಂದಿದ್ದಾರೆ. ಅದನ್ನು ತಿರುಗಿಸುವ ಶಕ್ತಿ ಮನುಷ್ಯನ ತೋಳಿನದು. ಈ ಶಕ್ತಿಯ ಸ್ಥಾನದಲ್ಲಿ ವಿದ್ಯುತ್ತನ್ನು ನಿಲ್ಲಿಸಿದವರು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿದ್ದ ಆರ್ಥರ್ ಜೇಮ್ಸ್ ಆರ್ನಾಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೇನ್ ಎಂಬವರು. ೧೮೮೯ರಲ್ಲಿ ಅವರು ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಪಡೆದರು. ೧೮೯೫ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೈನ್ ಸಂಸ್ಥೆಯು ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಡ್ರಿಲ್ಲನ್ನು ತಯಾರಿಸಿತು. ಪಿಸ್ತೂಲಿನ ಹಿಡಿಯಂತಹ ಹಿಡಿ, ಬೆರಳಿನಿಂದ ಒತ್ತುವ ಸ್ವಿಚ್ಚು, ಇವುಳ್ಳ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್ ಎಂಬವರು ೧೯೧೭ರಲ್ಲಿ ಪೇಟೆಂಟ್ ಪಡೆದರು. ಇಂದಿನ ಡ್ರಿಲ್ಲುಗಳ ಆಕಾರಕ್ಕೆ ಇದೇ ಮೂಲ. ೧೯೩೨ರಲ್ಲಿ ಅಮೆರಿಕದ ರಸೀನ್ ನಗರದಲ್ಲಿ ಆಲ್ಬರ್ಟ್ ಡ್ರೆಮೆಲ್ ಎಂಬವರು ಸ್ಥಾಪಿಸಿದ ಸಂಸ್ಥೆಯು ಲೇಖನಿಯಂತೆ ಬೆರಳುಗಳ ನಡುವೆ ಹಿಡಿದು ಕೆಲಸ ಮಾಡಬಹುದಾದ, ಅತಿ ವೇಗವಾಗಿ ತಿರುಗುವ ಸಣ್ಣ ಯಂತ್ರವನ್ನು ಜನಪ್ರಿಯಗೊಳಿಸಿತು. ಅಂಗಡಿಗಳಲ್ಲಿ ಇದಕ್ಕೆ ‘ರೋಟರಿ ಟೂಲ್’ ಎಂದು ಹೆಸರು.

ಮಾದರಿ ಮಾಡುವವರಿಗೆ ಬೇಕಾಗುವ ಯಂತ್ರಗಳು ಮುಖ್ಯವಾಗಿ ಈ ಎರಡು ಮನೆತನಗಳಿಗೆ ಸೇರಿದವು. ಒಂದರಲ್ಲಿ ಮೋಟಾರಿಗೂ ಬಿಟ್‌ಗೂ ನಡುವೆ ಹಲ್ಲುಚಕ್ರಗಳಿದ್ದು ವೇಗವು ತಗ್ಗುತ್ತದೆ. ಇದು ಸಾಮಾನ್ಯ ಡ್ರಿಲ್. ಇನ್ನೊಂದರಲ್ಲಿ ಬಿಟ್ ಮೋಟಾರಿನ ಅಕ್ಷದ ವೇಗದಲ್ಲಿಯೇ ತಿರುಗುತ್ತದೆ. ಇದು ರೋಟರಿ ಯಂತ್ರ. ಯಾವುದು ನಿಮಗೆ ಬೇಕೆಂಬುದನ್ನು ಮೊದಲು ನಿರ್ಧರಿಸಬೇಕು.

ವಾಟ್ ಎಂಬ ಸಂಖ್ಯೆಯ ಅರ್ಥ

ಬಿಟ್ ಕೊರೆಯಬೇಕಾದರೆ ಅದರ ಅಲಗು ಎದುರಿಗಿರುವ ವಸ್ತುವನ್ನು ಸೀಳುವಷ್ಟು ಬಲದಿಂದ ತಿರುಗಬೇಕು. ಬಲವನ್ನು ಅಕ್ಷದಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ದೊರೆಯುವುದು ಭ್ರಾಮಕ. ಕಾರ್ಯಾಗಾರಗಳಲ್ಲಿ ಇದನ್ನೇ ಟಾರ್ಕ್ ಎನ್ನುವರು. ಭ್ರಾಮಕಕ್ಕೂ ಸಾಮರ್ಥ್ಯಕ್ಕೂ ಇರುವ ಸಂಬಂಧ ಸರಳವಾದದ್ದು:

ಸಾಮರ್ಥ್ಯ = ಭ್ರಾಮಕ × ಕೋನವೇಗ

ಸಾಮರ್ಥ್ಯವು ಒಂದೇ ಆಗಿರುವಾಗ ವೇಗವು ಹೆಚ್ಚಿದಷ್ಟೂ ಭ್ರಾಮಕವು ತಗ್ಗುವುದೆಂದು ಈ ಸಮೀಕರಣವು ಹೇಳುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ೧೩೦ ವಾಟ್ ಎಂದು ಬರೆದಿರುವ ರೋಟರಿ ಯಂತ್ರವಿದೆಯೆನ್ನಿ. ಇಲ್ಲಿ ಮೊದಲು ಗಮನಿಸಬೇಕಾದುದೇನೆಂದರೆ, ಹೆಸರುಪಟ್ಟಿಯ ಮೇಲಿನ ವಾಟ್ ಸಾಮಾನ್ಯವಾಗಿ ಯಂತ್ರವು ವಿದ್ಯುತ್ ಸರಬರಾಜಿನಿಂದ ಹೀರಿಕೊಳ್ಳುವ ಸಾಮರ್ಥ್ಯ. ಬಿಟ್‌ಗೆ ದೊರೆಯುವ ಸಾಮರ್ಥ್ಯವಲ್ಲ. ಸುರುಳಿಗಳ ಶಾಖ, ಘರ್ಷಣೆ, ತಂಪುಗೊಳಿಸುವ ಬೀಸಣಿಗೆ, ಇವುಗಳಿಗೆ ಒಂದು ಪಾಲು ಸಲ್ಲುತ್ತದೆ. ಉಳಿದು ಬಿಟ್‌ಗೆ ದೊರೆಯುವುದು ೬೦ ವಾಟ್ ಎಂದು ಇಟ್ಟುಕೊಳ್ಳೋಣ. ಎರಡನೆಯದಾಗಿ, ೩೦,೦೦೦ ಸುತ್ತು ಎಂಬುದು ಯಾವ ಹೊರೆಯೂ ಇಲ್ಲದಿರುವಾಗಿನ ವೇಗ. ಬಿಟ್ ವಸ್ತುವನ್ನು ಮುಟ್ಟಿದೊಡನೆ ವೇಗವು ಇಳಿಯುತ್ತದೆ, ೨೦,೦೦೦ಕ್ಕೆ ಇಳಿಯಿತೆನ್ನೋಣ. ಆಗ ಕೋನವೇಗವು ಸೆಕೆಂಡಿಗೆ ಸುಮಾರು ೨,೦೯೪ ರೇಡಿಯನ್ನುಗಳು. ಭ್ರಾಮಕವು ೬೦ ÷ ೨,೦೯೪, ಅಂದರೆ ಸುಮಾರು ೦.೦೨೯ ನ್ಯೂಟನ್-ಮೀಟರ್.

ಇದರ ಪಕ್ಕದಲ್ಲಿ ಹಲ್ಲುಚಕ್ರಗಳುಳ್ಳ ಒಂದು ಸಣ್ಣ ಡ್ರಿಲ್ಲನ್ನು ಇಡೋಣ. ಬಿಟ್‌ಗೆ ಅದು ಕೊಡುವುದು ಕೇವಲ ೨೦ ವಾಟ್. ಆದರೆ ತಿರುಗುವ ವೇಗ ನಿಮಿಷಕ್ಕೆ ೬೦೦ ಸುತ್ತು. ಕೋನವೇಗ ೬೨.೮, ಭ್ರಾಮಕ ಸುಮಾರು ೦.೩೨ ನ್ಯೂಟನ್-ಮೀಟರ್. ಸಾಮರ್ಥ್ಯದಲ್ಲಿ ಮೂರರಲ್ಲೊಂದು ಪಾಲಾದ ಈ ಯಂತ್ರವು ಭ್ರಾಮಕದಲ್ಲಿ ಮೊದಲನೆಯದಕ್ಕಿಂತ ಹನ್ನೊಂದು ಪಟ್ಟು ಬಲಶಾಲಿ! ಅಕ್ಷದಿಂದ ೫ ಸೆಂಟಿಮೀಟರ್ ದೂರದಲ್ಲಿ ಒಂದು ಕೋಳಿಮೊಟ್ಟೆಯ ತೂಕವನ್ನು ತೂಗುಹಾಕಿದರೆ ಆ ರೋಟರಿ ಯಂತ್ರದ ಭ್ರಾಮಕಕ್ಕೆ ಸರಿಹೋಗುತ್ತದೆ. ಡ್ರಿಲ್ಲಿನದಕ್ಕೆ ಸರಿಹೋಗಲು ಅದೇ ದೂರದಲ್ಲಿ ಸುಮಾರು ೬೫೦ ಗ್ರಾಂ ಬೇಕು.

ದೊಡ್ಡ ರಂಧ್ರಗಳಿಗೆ ಈ ಭ್ರಾಮಕವೇ ಮುಖ್ಯ. ಬಿಟ್‌ನ ವ್ಯಾಸವು ಎರಡರಷ್ಟಾದರೆ ಕತ್ತರಿಸುವ ಅಂಚಿನ ಉದ್ದವೂ ಎರಡರಷ್ಟಾಗುತ್ತದೆ. ಆದುದರಿಂದ ಬಲವೂ ಸುಮಾರು ಎರಡರಷ್ಟು ಬೇಕು. ಆ ಬಲವು ವರ್ತಿಸುವ ದೂರವೂ ಎರಡರಷ್ಟಾಗುವುದರಿಂದ ಭ್ರಾಮಕವು ನಾಲ್ಕರಷ್ಟಾಗುತ್ತದೆ. ಪ್ರತಿ ಸುತ್ತಿಗೂ ಬಿಟ್ ಒಳಹೋಗುವ ಪ್ರಮಾಣವು ಒಂದೇ ಆಗಿದ್ದರೆ, ೧ ಮಿಲಿಮೀಟರ್ ರಂಧ್ರಕ್ಕಿಂತ ೬ ಮಿಲಿಮೀಟರ್ ರಂಧ್ರಕ್ಕೆ ೩೬ ಪಟ್ಟು ಭ್ರಾಮಕ ಬೇಕು. ಸಣ್ಣ ರೋಟರಿ ಯಂತ್ರಕ್ಕೆ ೬ ಮಿಲಿಮೀಟರ್ ಬಿಟ್ ಸಿಕ್ಕಿಸಿ ಉಕ್ಕಿನ ಪಟ್ಟಿಯನ್ನು ಕೊರೆಯಲು ಹೋದರೆ ಅದು ನಿಂತುಹೋಗುವುದು ಯಂತ್ರದ ದೋಷದಿಂದಲ್ಲ. ಆ ಕೆಲಸವು ಅದರ ಜಾತಿಗೆ ಸೇರಿದುದಲ್ಲ.

ಬಿಟ್‌ನ ಗಾತ್ರವೂ ವೇಗವೂ

ಹಾಗಾದರೆ ರೋಟರಿ ಯಂತ್ರದ ಅತಿ ವೇಗದಿಂದ ಪ್ರಯೋಜನವೇನು? ಕತ್ತರಿಸುವ ಅಂಚು ವಸ್ತುವಿನ ಮೇಲೆ ಸಾಗುವ ವೇಗವನ್ನು ಕತ್ತರಿಕೆಯ ವೇಗವೆನ್ನುವರು. ಬಿಟ್‌ನ ಪರಿಧಿಯನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ ಇದು ಸಿಗುತ್ತದೆ. ಮೃದು ಉಕ್ಕನ್ನು ಹೈಸ್ಪೀಡ್ ಉಕ್ಕಿನ ಬಿಟ್‌ನಿಂದ ಕೊರೆಯುವಾಗ ಈ ವೇಗವು ನಿಮಿಷಕ್ಕೆ ಸುಮಾರು ೨೫ ಮೀಟರಿನಷ್ಟಿದ್ದರೆ ಒಳ್ಳೆಯದು; ಹಿತ್ತಾಳೆಗೆ ಸುಮಾರು ೫೦ ಮೀಟರ್; ಅಲ್ಯೂಮಿನಿಯಮ್ಮಿಗೆ ಇನ್ನೂ ಹೆಚ್ಚು.

ಉಕ್ಕಿಗೆ ಲೆಕ್ಕ ಹಾಕಿ ನೋಡೋಣ. ೬ ಮಿಲಿಮೀಟರ್ ಬಿಟ್ ನಿಮಿಷಕ್ಕೆ ಸುಮಾರು ೧,೩೩೦ ಸುತ್ತು ತಿರುಗಿದರೆ ಅದರ ಅಂಚು ೨೫ ಮೀಟರ್ ಸಾಗುತ್ತದೆ. ೩ ಮಿಲಿಮೀಟರ್ ಬಿಟ್‌ಗೆ ೨,೬೫೦ ಸುತ್ತು ಬೇಕು. ೧ ಮಿಲಿಮೀಟರ್ ಬಿಟ್‌ಗಾದರೋ ಸುಮಾರು ೮,೦೦೦ ಸುತ್ತು. ಅರ್ಧ ಮಿಲಿಮೀಟರ್ ಬಿಟ್‌ಗೆ ೧೬,೦೦೦ ಸುತ್ತು! ಮಾದರಿ ಮಾಡುವವನಿಗೆ ಇಂತಹ ಸಣ್ಣ ಬಿಟ್‌ಗಳೇ ಹೆಚ್ಚಾಗಿ ಬೇಕು. ೧:೮೭ ಪ್ರಮಾಣದ ರೈಲು ಮಾದರಿಯಲ್ಲಿ ೫ ಸೆಂಟಿಮೀಟರ್ ದಪ್ಪದ ನಿಜವಾದ ಕೊಳವೆಯೊಂದು ಕೇವಲ ೦.೫೭ ಮಿಲಿಮೀಟರಿನ ತಂತಿಯಾಗಿ ಕುಗ್ಗುತ್ತದೆ. ಅದನ್ನು ಸಿಕ್ಕಿಸಲು ಅಷ್ಟೇ ಸಣ್ಣ ರಂಧ್ರ ಬೇಕು. ಸಾಮಾನ್ಯ ಡ್ರಿಲ್ಲಿನ ಮಂದ ವೇಗದಲ್ಲಿ ಇಂತಹ ಬಿಟ್ ಕತ್ತರಿಸುವುದು ನಿಧಾನ, ನಾವು ಸಹನೆಗೆಟ್ಟು ಒತ್ತುತ್ತೇವೆ, ಬಿಟ್ ಮುರಿಯುತ್ತದೆ. ಇಲ್ಲಿ ರೋಟರಿ ಯಂತ್ರವೇ ಯೋಗ್ಯವಾದುದು.

ಇದಕ್ಕೆ ವಿರುದ್ಧವಾಗಿ, ೩ ಮಿಲಿಮೀಟರ್ ಬಿಟ್ ಅನ್ನು ೩೦,೦೦೦ ಸುತ್ತಿನಲ್ಲಿ ಉಕ್ಕಿನ ಮೇಲೆ ಇಟ್ಟರೆ ಕತ್ತರಿಕೆಯ ವೇಗವು ಸುಮಾರು ೨೮೩ ಮೀಟರ್, ಅಂದರೆ ಇರಬೇಕಾದುದರ ಹನ್ನೊಂದು ಪಟ್ಟು. ಶಾಖವು ಹೊರಹೋಗಲು ಅವಕಾಶವಿಲ್ಲದೆ ಬಿಟ್‌ನ ಮೊನೆ ನೀಲಿಯಾಗುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಬರುವ ಇಂಗಾಲದ ಉಕ್ಕಿನ ಬಿಟ್‌ಗಳು ೨೦೦ರಿಂದ ೨೫೦ ಡಿಗ್ರಿ ಸೆಲ್ಸಿಯಸ್ ದಾಟಿದರೆ ತಮ್ಮ ಕಾಠಿಣ್ಯವನ್ನು ಕಳೆದುಕೊಳ್ಳತೊಡಗುತ್ತವೆ. ಹೈಸ್ಪೀಡ್ ಉಕ್ಕಾದರೆ ಸುಮಾರು ೬೦೦ ಡಿಗ್ರಿಯವರೆಗೆ ತಾಳುತ್ತದೆ. ಒಂದು ಒಳ್ಳೆಯ ಬಿಟ್ ಹತ್ತು ಅಗ್ಗದ ಬಿಟ್‌ಗಳಿಗಿಂತ ಲೇಸೆಂದು ಅನುಭವಿಗಳು ಹೇಳುವುದರ ಹಿಂದೆ ಇರುವ ಕಾರಣವಿದು.

ಪ್ಲಾಸ್ಟಿಕ್ಕಿನ ಸ್ವಭಾವವೇ ಬೇರೆ. ಅಕ್ರಿಲಿಕ್ ಹಾಳೆಯು ೧೦೦ ಡಿಗ್ರಿಗಿಂತ ಸ್ವಲ್ಪ ಮೇಲೆಯೇ ಮೆತ್ತಗಾಗುತ್ತದೆ, ಪಿ.ವಿ.ಸಿ. ಸುಮಾರು ೮೦ ಡಿಗ್ರಿಯಲ್ಲಿ. ಅತಿ ವೇಗದ ಬಿಟ್ ಇವನ್ನು ಕೊರೆಯುವ ಬದಲು ಕರಗಿಸಿ ತಾನೇ ಅದರಲ್ಲಿ ಅಂಟಿಕೊಳ್ಳುತ್ತದೆ. ಆದುದರಿಂದ ವೇಗವನ್ನು ತಗ್ಗಿಸುವ ಗುಂಡಿಯುಳ್ಳ ಯಂತ್ರವನ್ನೇ ಆರಿಸಬೇಕು. ಆ ಗುಂಡಿಯ ಕನಿಷ್ಠ ವೇಗ ಎಷ್ಟೆಂಬುದನ್ನು ಗರಿಷ್ಠ ವೇಗಕ್ಕಿಂತ ಮೊದಲು ವಿಚಾರಿಸಬೇಕು. ಘರ್ಷಣೆಯ ಶಾಖವು ಎಲ್ಲೆಡೆಯೂ ಶತ್ರುವೇನಲ್ಲ. ಚನ್ನಪಟ್ಟಣದ ಗೊಂಬೆಗಾರರು ಚರಕಿಯಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುವರು. ಘರ್ಷಣೆಯ ಶಾಖದಿಂದಲೇ ಅರಗು ಕರಗಿ ಮರದ ಮೇಲೆ ಸಮನಾಗಿ ಹರಡುವುದು. ಎಷ್ಟು ಶಾಖ ಬೇಕೆಂಬುದನ್ನು ಅವರು ಕೈಯ ಒತ್ತಡದಿಂದಲೇ ನಿಯಂತ್ರಿಸಬಲ್ಲರು. ಅಂತಹ ಹತೋಟಿಯನ್ನೇ ನಾವೂ ಕಲಿಯಬೇಕಾಗಿದೆ.

ಮೋಟಾರು ಏಕೆ ಸುಡುತ್ತದೆ?

ಅಗ್ಗದ ಯಂತ್ರಗಳು ಬೇಗನೆ ಸುಟ್ಟುಹೋಗುತ್ತವೆಂಬುದು ಸಾಮಾನ್ಯವಾದ ದೂರು. ಹಲವು ಸಂದರ್ಭಗಳಲ್ಲಿ ಅವು ತಾವಾಗಿ ಸುಡುವುದಿಲ್ಲ, ನಾವು ಸುಡುತ್ತೇವೆ. ೧೨ ವೋಲ್ಟಿನ ಒಂದು ಸಣ್ಣ ಮೋಟಾರಿನ ಸುರುಳಿಯ ರೋಧ ೧ ಓಮ್ ಇದೆಯೆಂದು ಭಾವಿಸಿ. ಓಮ್‌ನ ನಿಯಮದ ಪ್ರಕಾರ ಅದರಲ್ಲಿ ೧೨ ಆಂಪಿಯರ್ ಹರಿಯಬೇಕಲ್ಲವೆ? ಆದರೆ ಮೋಟಾರು ತಿರುಗುತ್ತಿರುವಾಗ ಅದು ಡೈನಮೋದಂತೆಯೂ ವರ್ತಿಸಿ, ಹೊರಗಿನ ವೋಲ್ಟೇಜಿಗೆ ಎದುರಾಗಿ ತನ್ನದೇ ಒಂದು ವೋಲ್ಟೇಜನ್ನು ಹುಟ್ಟಿಸುತ್ತದೆ. ಇದು ಹಿಮ್ಮುಖ ವಿದ್ಯುಚ್ಚಾಲಕ ಬಲ. ವೇಗವು ಹೆಚ್ಚಿದಷ್ಟೂ ಇದು ಹೆಚ್ಚು. ಮೋಟಾರು ಹಗುರವಾಗಿ ಓಡುತ್ತಿರುವಾಗ ಇದು ೧೧ ವೋಲ್ಟ್ ಇದ್ದರೆ, ಉಳಿದ ೧ ವೋಲ್ಟಿನಿಂದ ಸುರುಳಿಯಲ್ಲಿ ೧ ಆಂಪಿಯರ್ ಮಾತ್ರ ಹರಿಯುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖ: ಕೇವಲ ೧ ವಾಟ್.

ಈಗ ನಾವು ಬಿಟ್ ಅನ್ನು ಬಲವಾಗಿ ಒತ್ತುತ್ತೇವೆ. ವೇಗವು ಸುಮಾರು ಅರ್ಧಕ್ಕೆ ಇಳಿದು ಹಿಮ್ಮುಖ ಬಲವು ೬ ವೋಲ್ಟ್ ಆಗುತ್ತದೆ. ಪ್ರವಾಹ ೬ ಆಂಪಿಯರ್. ಶಾಖ ೩೬ ವಾಟ್. ಬಿಟ್ ಸಿಕ್ಕಿಕೊಂಡು ಪೂರ್ತಿಯಾಗಿ ನಿಂತರೆ ಹಿಮ್ಮುಖ ಬಲವು ಶೂನ್ಯ. ಪ್ರವಾಹ ೧೨ ಆಂಪಿಯರ್. ಶಾಖ ೧೪೪ ವಾಟ್. ಅಂಗೈಯಲ್ಲಿ ಅಡಗುವ ಮೋಟಾರಿನೊಳಗೆ ಇಷ್ಟು ಶಾಖ ಹುಟ್ಟಿದರೆ ಸುರುಳಿಯ ಮೇಲಿನ ನಿರೋಧಕ ಲೇಪವು ಎಷ್ಟು ಹೊತ್ತು ಉಳಿದೀತು? ಅದೇ ಸಮಯದಲ್ಲಿ ಅಕ್ಷದ ಮೇಲಿರುವ ಬೀಸಣಿಗೆಯೂ ನಿಂತಿರುತ್ತದೆಂಬುದನ್ನು ಮರೆಯಬಾರದು. ಜೊತೆಗೆ ಬಂದಿರುವ ಅಡಾಪ್ಟರು ೨ ಆಂಪಿಯರ್ ಮಾತ್ರ ಕೊಡಬಲ್ಲದಾದರೆ ಮೋಟಾರು ಬದುಕಬಹುದು. ಆದರೆ ವೋಲ್ಟೇಜ್ ಕುಸಿದು ಕೆಲಸ ನಿಲ್ಲುವುದು, ಇಲ್ಲವೆ ಅಡಾಪ್ಟರೇ ಕಾದು ಕೆಡುವುದು. ಅಡಾಪ್ಟರಿನ ಮೇಲೆ ಬರೆದಿರುವ ಆಂಪಿಯರ್ ಸಂಖ್ಯೆಯನ್ನು ನೋಡದೆ ಇಂತಹ ಯಂತ್ರವನ್ನು ಕೊಳ್ಳಬಾರದು.

ಇದರಿಂದ ದೊರೆಯುವ ನಿಯಮ ಒಂದೇ: ಯಂತ್ರದ ದನಿಯನ್ನು ಕೇಳುತ್ತ ಕೆಲಸ ಮಾಡಿ. ದನಿಯು ತಗ್ಗಿದೊಡನೆ ಒತ್ತಡವನ್ನು ಸಡಿಲಿಸಿ ವೇಗವು ಮರಳಲು ಬಿಡಿ. ಕೆಲವು ಯಂತ್ರಗಳ ಹೆಸರುಪಟ್ಟಿಯಲ್ಲಿ ‘ಎಸ್ ೨, ೧೫ ನಿಮಿಷ’ ಎಂಬಂತಹ ಗುರುತಿರುತ್ತದೆ. ತಣ್ಣಗಿರುವ ಯಂತ್ರವನ್ನು ಅಷ್ಟು ನಿಮಿಷಗಳು ಮಾತ್ರ ಓಡಿಸಿ, ಪುನಃ ಪೂರ್ತಿಯಾಗಿ ತಣಿಯಲು ಬಿಡಬೇಕೆಂದು ಅದರ ಅರ್ಥ. ದಿನವಿಡೀ ದುಡಿಯುವ ಕಾರ್ಖಾನೆಯ ಯಂತ್ರಕ್ಕೂ ಸಂಜೆ ಅರ್ಧ ಗಂಟೆ ಓಡುವ ಹವ್ಯಾಸದ ಯಂತ್ರಕ್ಕೂ ಬೆಲೆಯಲ್ಲಿ ಇರುವ ವ್ಯತ್ಯಾಸದ ಒಂದು ದೊಡ್ಡ ಪಾಲು ಈ ತಾಳಿಕೆಗಾಗಿಯೇ ಸಲ್ಲುತ್ತದೆ. ನಮಗೆ ಬೇಡದ ತಾಳಿಕೆಗೆ ನಾವು ಹಣ ತೆರಬೇಕಾಗಿಲ್ಲ. ಅಗ್ಗದ ಯಂತ್ರವು ಹವ್ಯಾಸಿಗೆ ಸಾಕಾಗುವುದು ಇದರಿಂದಲೇ.

ಬ್ಯಾಟರಿಯ ಲೆಕ್ಕ

ತಂತಿಯಿಲ್ಲದ ಡ್ರಿಲ್ಲುಗಳು ಈಗ ಹೇರಳವಾಗಿವೆ. ಇವುಗಳಲ್ಲಿರುವುದು ಲಿಥಿಯಂ-ಅಯಾನ್ ಕೋಶಗಳು. ಇಂತಹ ಒಂದು ಕೋಶದ ಸರಾಸರಿ ವೋಲ್ಟೇಜ್ ಸುಮಾರು ೩.೬, ಪೂರ್ತಿ ತುಂಬಿದಾಗ ೪.೨. ಮೂರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ ೧೦.೮ ವೋಲ್ಟ್, ತುಂಬಿದ ಕ್ಷಣದಲ್ಲಿ ೧೨.೬. ಇದನ್ನೇ ‘೧೨ ವೋಲ್ಟ್’ ಎಂದು ಮಾರುವರು. ಐದು ಕೋಶಗಳಿದ್ದರೆ ೧೮ ವೋಲ್ಟ್, ತುಂಬಿದಾಗ ೨೧. ಅಂದಮೇಲೆ ‘೧೮’, ‘೨೦’, ‘೨೧’ ಎಂಬ ಮೂರು ಹೆಸರುಗಳ ಹಿಂದೆ ಒಂದೇ ಬಗೆಯ ಬ್ಯಾಟರಿ ಇರಬಹುದು. ಕೆಲವು ಡಬ್ಬಿಗಳ ಮೇಲೆ ಇದಕ್ಕಿಂತ ಎಷ್ಟೋ ದೊಡ್ಡ ಸಂಖ್ಯೆಗಳು ಕಾಣುತ್ತವೆ. ಅಂತಹಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಎಷ್ಟು ಕೋಶಗಳಿವೆ? ಕೋಶಗಳ ಸಂಖ್ಯೆಯನ್ನು ೩.೬ರಿಂದ ಗುಣಿಸಿದರೆ ನಿಜವು ಹೊರಬರುತ್ತದೆ.

ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಬ್ಯಾಟರಿಯಲ್ಲಿ ಅಡಗಿರುವ ಶಕ್ತಿಯು ವಾಟ್-ಗಂಟೆಗಳಲ್ಲಿ ದೊರೆಯುತ್ತದೆ. ೧೦.೮ ವೋಲ್ಟಿನ, ೨ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ೨೧.೬ ವಾಟ್-ಗಂಟೆಗಳಿವೆ. ಯಂತ್ರವು ೬೦ ವಾಟ್ ಹೀರುತ್ತಿದ್ದರೆ ಅದು ಹೆಚ್ಚೆಂದರೆ ೨೧ ನಿಮಿಷ ಬಾಳುತ್ತದೆ. ಮೇಜಿನ ಮುಂದೆ ಕುಳಿತು ಕೆಲಸ ಮಾಡುವ ಹವ್ಯಾಸಿಗೆ ತಂತಿಯುಳ್ಳ ಯಂತ್ರವೇ ಹಲವು ವೇಳೆ ಮೇಲು. ಬ್ಯಾಟರಿಗೆ ತೆರುವ ಹಣವೂ ಉಳಿಯುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಯಲ್ಲಾಗಲಿ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ಕೇಳಿದರೆ ಯಂತ್ರವನ್ನು ಓಡಿಸಿ ತೋರಿಸುವುದುಂಟು. ಅಂಚೆಯ ಮೂಲಕ ತರಿಸಿದ್ದಾದರೆ ಹಿಂತಿರುಗಿಸುವ ಅವಧಿಯೊಳಗೆ ಇದೇ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಬೇಕು.

೧. ಯಂತ್ರವನ್ನು ಓಡಿಸುವ ಮೊದಲು, ಪ್ಲಗ್ಗನ್ನು ತೆಗೆದಿಟ್ಟು, ಅಕ್ಷದ ತುದಿಯನ್ನು ಬೆರಳುಗಳಿಂದ ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಿ. ಲಟಪಟ ಅಲುಗಿದರೆ ಬೇರಿಂಗು ಸಡಿಲವಾಗಿದೆ. ಆ ಯಂತ್ರ ಬೇಡ.

೨. ನೆಟ್ಟಗಿರುವ ಸಣ್ಣ ಬಿಟ್ ಒಂದನ್ನು ಸಿಕ್ಕಿಸಿ ನಿಧಾನ ವೇಗದಲ್ಲಿ ತಿರುಗಿಸಿ. ಮೊನೆಯು ಒಂದೇ ಬಿಂದುವಾಗಿ ನಿಂತಂತೆ ಕಾಣಬೇಕು. ಮಬ್ಬಾದ ವೃತ್ತದಂತೆ ಕಂಡರೆ ಬಿಟ್ ಅಕ್ಷದಲ್ಲಿ ಸರಿಯಾಗಿ ಕುಳಿತಿಲ್ಲ. ೦.೧ ಮಿಲಿಮೀಟರಿನ ಓಲಾಟವು ೬ ಮಿಲಿಮೀಟರ್ ಬಿಟ್‌ಗೆ ಲೆಕ್ಕಕ್ಕಿಲ್ಲ. ಅರ್ಧ ಮಿಲಿಮೀಟರ್ ಬಿಟ್‌ಗಾದರೋ ಅದು ವ್ಯಾಸದ ಐದರಲ್ಲೊಂದು ಪಾಲು. ಅಂತಹ ಬಿಟ್ ಪ್ರತಿ ಸುತ್ತಿಗೂ ಬಾಗಿ ಬೇಗನೆ ಮುರಿಯುತ್ತದೆ. ಮೂರು ದವಡೆಗಳ ಚಕ್ಕಿಗಿಂತ, ಬಿಟ್‌ನ ಅಳತೆಗೆ ಸರಿಯಾಗಿ ಕೂರುವ ಕಾಲೆಟ್ ಎಂಬ ಸೀಳುಕೊಳವೆಯು ಸಾಮಾನ್ಯವಾಗಿ ಇದರಲ್ಲಿ ಉತ್ತಮ.

೩. ಗಾಳಿಯ ಕಿಂಡಿಗಳ ಮೂಲಕ ಒಳಗೆ ನೋಡಿ. ಇಂಗಾಲದ ಬ್ರಷ್ಷುಗಳಿರುವಲ್ಲಿ ಸಣ್ಣ ನೀಲಿ ಕಿಡಿಗಳು ಸಹಜ. ಬಳೆಯಂತೆ ಸುತ್ತಲೂ ಹೊಳೆಯುವ ಕಿಡಿ ಕಂಡರೆ, ಅಥವಾ ಸುಟ್ಟ ವಾಸನೆ ಬಂದರೆ, ಬೇಡವೆನ್ನಿ. ಬ್ರಷ್ಷುಗಳನ್ನು ಹೊರಗಿನಿಂದಲೇ ಬದಲಾಯಿಸುವ ಮುಚ್ಚಳಗಳಿವೆಯೇ, ಹೊಸ ಬ್ರಷ್ಷು ಅಂಗಡಿಯಲ್ಲಿ ಸಿಗುವುದೇ ಎಂದು ವಿಚಾರಿಸಿ.

೪. ಹೆಸರುಪಟ್ಟಿಯ ಮೇಲೆ ‘೨೩೦ ವೋಲ್ಟ್’ ಅಥವಾ ‘೨೨೦–೨೪೦ ವೋಲ್ಟ್, ೫೦ ಹರ್ಟ್ಸ್’ ಎಂದಿರಬೇಕು. ಪರದೇಶದಿಂದ ಬಂದ ೧೧೦ ವೋಲ್ಟಿನ ಯಂತ್ರವನ್ನು ನಮ್ಮ ಪ್ಲಗ್ಗಿಗೆ ಸಿಕ್ಕಿಸಿದರೆ ಅದರ ಆಯುಷ್ಯ ಕೆಲವು ಕ್ಷಣಗಳದು.

೫. ಚೌಕದೊಳಗೊಂದು ಚೌಕದ ಚಿಹ್ನೆ ಇದ್ದರೆ ಅದು ಇಮ್ಮಡಿ ನಿರೋಧನೆಯುಳ್ಳ ಯಂತ್ರ. ಅದಕ್ಕೆ ಎರಡು ತಂತಿಗಳು ಸಾಕು. ಆ ಚಿಹ್ನೆಯಿಲ್ಲದೆ ಲೋಹದ ಮೈಯುಳ್ಳ, ೨೩೦ ವೋಲ್ಟಿನ ಯಂತ್ರವು ಮೂರು ಕಡ್ಡಿಗಳ ಪ್ಲಗ್ಗನ್ನೂ ಸರಿಯಾದ ಭೂಸಂಪರ್ಕವನ್ನೂ ಹೊಂದಿರಲೇಬೇಕು. ಹೊಸದಾಗಿ ಕಲಿಯುವವರಿಗೆ ಅಡಾಪ್ಟರಿನಿಂದ ಓಡುವ ೧೨ ವೋಲ್ಟಿನ ಯಂತ್ರವೇ ಕ್ಷೇಮ. ಕೈಯಲ್ಲಿರುವ ಭಾಗಕ್ಕೆ ಮನೆಯ ವಿದ್ಯುತ್ತು ಬರುವುದೇ ಇಲ್ಲ.

ತಿರುಗುವ ಚಕ್ರದ ಅಂಚು

ಪರೀಕ್ಷೆಗಳಲ್ಲಿ ತೇರ್ಗಡೆಯಾದ ಯಂತ್ರವೂ ಅಪಾಯಕರವಾಗಬಹುದು. ರೋಟರಿ ಯಂತ್ರದೊಡನೆ ೨೪ ಮಿಲಿಮೀಟರ್ ವ್ಯಾಸದ, ಬಿಸ್ಕತ್ತಿನಂತೆ ತೆಳುವಾದ ಕತ್ತರಿಸುವ ಚಕ್ರಗಳು ಬರುತ್ತವೆ. ನೋಡಲು ಆಟಿಕೆಯಂತಿರುವ ಈ ಚಕ್ರವು ೩೦,೦೦೦ ಸುತ್ತಿನಲ್ಲಿ ತಿರುಗುವಾಗ ಅದರ ಅಂಚಿನ ವೇಗ ಸೆಕೆಂಡಿಗೆ ೩೭.೭ ಮೀಟರ್, ಅಂದರೆ ಗಂಟೆಗೆ ಸುಮಾರು ೧೩೬ ಕಿಲೋಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ: ಗುರುತ್ವದ ಸುಮಾರು ೧೨,೦೦೦ ಪಟ್ಟು! ಅಂಚಿನಲ್ಲಿರುವ ಒಂದು ಗ್ರಾಂ ವಸ್ತುವನ್ನು ಅದರ ಸ್ಥಾನದಲ್ಲಿ ಹಿಡಿದಿಡಲು ೧೨ ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಚಕ್ರವು ಸ್ವಲ್ಪ ಓರೆಯಾಗಿ ಸಿಕ್ಕಿಕೊಂಡರೂ ಸಾಕು, ಅದು ಚೂರಾಗಿ ಸ್ಪರ್ಶರೇಖೆಯ ದಿಕ್ಕಿನಲ್ಲಿ ಸಿಡಿಯುತ್ತದೆ.

ಆದುದರಿಂದ ಚಕ್ರದ ಮೇಲೋ ಅದರ ಪೊಟ್ಟಣದ ಮೇಲೋ ಬರೆದಿರುವ ಗರಿಷ್ಠ ವೇಗವನ್ನು ಎಂದೂ ಮೀರಬಾರದು. ೧೫,೦೦೦ ಸುತ್ತಿಗಾಗಿ ಮಾಡಿದ ಚಕ್ರವನ್ನು ೩೦,೦೦೦ದಲ್ಲಿ ಓಡಿಸಿದರೆ ಅದನ್ನು ಸೀಳುವ ಬಲವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮೇಜಿನ ಸಾಣೆಯಂತ್ರದ ದಪ್ಪ ಚಕ್ರವನ್ನು ಕೊಳ್ಳುವಾಗ, ಗಡಿಗೆಯನ್ನು ಬೆರಳಿನಿಂದ ತಟ್ಟಿ ನೋಡುವಂತೆಯೇ ತಟ್ಟಿ ನೋಡಬೇಕು; ಗಟ್ಟಿಯಾದದ್ದು ಸ್ಪಷ್ಟವಾಗಿ ನಾದಗೈಯುತ್ತದೆ, ಬಿರುಕುಬಿಟ್ಟದ್ದು ಮೊದ್ದಾಗಿ ಸದ್ದುಮಾಡುತ್ತದೆ. ರೋಟರಿ ಯಂತ್ರದ ತೆಳು ಚಕ್ರಗಳಿಗೆ ಈ ಪರೀಕ್ಷೆ ಸಲ್ಲದು. ಅವನ್ನು ಕಣ್ಣಿನಿಂದ ನೋಡಿ, ಅಂಚು ಒಡೆದದ್ದನ್ನು ಎಸೆಯಬೇಕು.

ಕಣ್ಣನ್ನು ಪಕ್ಕಗಳಿಂದಲೂ ಮುಚ್ಚುವ ಕನ್ನಡಕವಿಲ್ಲದೆ ಸ್ವಿಚ್ಚನ್ನು ಮುಟ್ಟಬೇಡಿ. ಓದುವ ಕನ್ನಡಕ ಇದಕ್ಕೆ ಬದಲಾಗದು. ಸಡಿಲ ತೋಳು, ದುಪಟ್ಟ, ಸೀರೆಯ ಸೆರಗು, ಕೊರಳ ಸರ, ಮಣಿಕಟ್ಟಿನ ದಾರ, ಬಿಚ್ಚಿದ ಕೂದಲು, ಇವೆಲ್ಲವೂ ತಿರುಗುವ ಅಕ್ಷಕ್ಕೆ ಸುತ್ತಿಕೊಳ್ಳುವ ಹಗ್ಗಗಳೇ. ಬಟ್ಟೆಯ ಕೈಗವಸನ್ನೂ ತೊಡಬಾರದು. ಕೊರೆಯುವ ವಸ್ತುವನ್ನು ಕೈಯಲ್ಲಿ ಹಿಡಿಯದೆ ವೈಸಿನಲ್ಲಿ ಬಿಗಿಯಬೇಕು. ಬಿಟ್ ಸಿಕ್ಕಿಕೊಂಡಾಗ ತೆಳುವಾದ ತಗಡು ಕತ್ತಿಯಂತೆ ತಿರುಗುತ್ತದೆ. ಮರ, ಲೋಹಗಳ ಸಣ್ಣ ಪುಡಿಯು ಶ್ವಾಸಕೋಶವನ್ನು ಸೇರದಂತೆ ಮುಖಕವಚವನ್ನು ಧರಿಸಬೇಕು. ಬಿಟ್ ಬದಲಾಯಿಸುವಾಗ ಪ್ಲಗ್ಗನ್ನು ಕಿತ್ತಿಡಬೇಕು.

ಹಣವನ್ನು ಹಂಚುವ ಕ್ರಮ

ಕೈಯಲ್ಲಿ ಮೂರು ಸಾವಿರ ರೂಪಾಯಿ ಇದೆಯೆಂದು ಭಾವಿಸೋಣ. ಅದೆಲ್ಲವನ್ನೂ ಯಂತ್ರಕ್ಕೇ ಸುರಿಯಬಾರದು. ಯಂತ್ರಕ್ಕೆ ಅರ್ಧವನ್ನು ಮೀಸಲಿಟ್ಟು, ಉಳಿದರ್ಧದಲ್ಲಿ ಒಂದು ಸಣ್ಣ ವೈಸ್, ರಕ್ಷಣೆಯ ಕನ್ನ‍ಡಕ, ಗುರುತು ಮಾಡಲು ಸೆಂಟರ್ ಪಂಚ್, ನಿಮಗೆ ನಿಜವಾಗಿ ಬೇಕಾದ ನಾಲ್ಕೈದು ಅಳತೆಯ ಹೈಸ್ಪೀಡ್ ಬಿಟ್‌ಗಳು, ಇವನ್ನು ಕೊಳ್ಳಬೇಕು. ಯಂತ್ರದೊಡನೆ ನೂರೆಂಟು ಬಿಡಿಭಾಗಗಳು ಉಚಿತವೆಂಬ ಆಕರ್ಷಣೆಗೆ ಮನಸೋಲಬೇಡಿ. ಅವುಗಳಲ್ಲಿ ಹೆಚ್ಚಿನವು ಡಬ್ಬಿಯಲ್ಲೇ ಉಳಿಯುತ್ತವೆ.

ಯಂತ್ರದ ಆಯ್ಕೆಯನ್ನು ಹೀಗೆ ಸಂಗ್ರಹಿಸಬಹುದು. ೨ ಮಿಲಿಮೀಟರಿಗಿಂತ ಚಿಕ್ಕ ರಂಧ್ರಗಳು, ಸಾಣೆ ಹಿಡಿಯುವುದು, ತೆಳು ತಂತಿಯನ್ನು ಕತ್ತರಿಸುವುದು, ಹೊಳಪು ಕೊಡುವುದು, ಇವು ನಿಮ್ಮ ಕೆಲಸಗಳಾದರೆ ವೇಗವನ್ನು ತಗ್ಗಿಸಬಹುದಾದ ರೋಟರಿ ಯಂತ್ರವನ್ನು ಕೊಳ್ಳಿ. ೩ ಮಿಲಿಮೀಟರಿಗಿಂತ ದೊಡ್ಡ ರಂಧ್ರಗಳು, ತಿರುಪುಗಳು, ದಪ್ಪ ಮರ, ಇವು ನಿಮ್ಮ ಕೆಲಸಗಳಾದರೆ ಹಲ್ಲುಚಕ್ರಗಳುಳ್ಳ ಡ್ರಿಲ್ಲನ್ನು ಕೊಳ್ಳಿ. ಎರಡನ್ನೂ ಮಾಡುವುದೆಂದು ಹೇಳಿಕೊಳ್ಳುವ ಒಂದು ಯಂತ್ರಕ್ಕಿಂತ, ಈಗ ಒಂದನ್ನೂ ಮುಂದಿನ ವರ್ಷ ಇನ್ನೊಂದನ್ನೂ ಕೊಳ್ಳುವುದು ಮೇಲು. ತಿಂಗಳಿಗೆ ನಾಲ್ಕಾರು ರಂಧ್ರಗಳೇ ಸಾಕಾಗುವವರಿಗೆ ಕೈಯಿಂದ ತಿರುಗಿಸುವ ಸಣ್ಣ ಬೈರಿಗೆಯೇ ಸಾಕು. ಅದು ಸುಡುವುದಿಲ್ಲ, ಸಿಡಿಯುವುದಿಲ್ಲ.

ಅಭ್ಯಾಸಕ್ಕಾಗಿ

೧. ಹಿತ್ತಾಳೆಗೆ ಕತ್ತರಿಕೆಯ ವೇಗ ನಿಮಿಷಕ್ಕೆ ೫೦ ಮೀಟರ್. ೨ ಮಿಲಿಮೀಟರ್ ಬಿಟ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು?

೨. ಐದು ಲಿಥಿಯಂ ಕೋಶಗಳ, ೧.೫ ಆಂಪಿಯರ್-ಗಂಟೆಯ ಬ್ಯಾಟರಿಯು ೫೦ ವಾಟ್ ಹೀರುವ ಡ್ರಿಲ್ಲನ್ನು ಎಷ್ಟು ಹೊತ್ತು ಓಡಿಸೀತು?

೩. ೧೦೦ ಮಿಲಿಮೀಟರ್ ಚಕ್ರವುಳ್ಳ ಆಂಗಲ್ ಗ್ರೈಂಡರ್ ನಿಮಿಷಕ್ಕೆ ೧೧,೦೦೦ ಸುತ್ತು ತಿರುಗುತ್ತದೆ. ಚಕ್ರದ ಅಂಚಿನ ವೇಗವನ್ನು ಗಂಟೆಗೆ ಕಿಲೋಮೀಟರುಗಳಲ್ಲಿ ಕಂಡುಹಿಡಿಯಿರಿ. ಇಂತಹ ಯಂತ್ರವನ್ನು ಮಾದರಿಯ ಮೇಜಿನ ಮೇಲೆ, ರಕ್ಷಣೆಯ ಮುಚ್ಚಳವನ್ನು ತೆಗೆದು ಬಳಸಬಹುದೇ?

ಉತ್ತರಗಳು: (೧) ಸುಮಾರು ೮,೦೦೦ ಸುತ್ತು. (೨) ೨೭ ವಾಟ್-ಗಂಟೆ. ಹೆಚ್ಚೆಂದರೆ ೩೨ ನಿಮಿಷ. (೩) ಸುಮಾರು ೨೦೭ ಕಿಲೋಮೀಟರ್, ಬಳಸಲೇಬಾರದು.